ಪತ್ರಿ ಗಿಡಕ್ಕೆ ಹಬ್ಬಿದ ಹಳದಿ ಬಳ್ಳಿ

ಗಿರಣಿಯ ಸೈರನ್ನು, ಅಂದರೆ ಭೋಂಗಾ ಕೂಗಿದರೆ ಏಳುತ್ತಿದ್ದ, ಭೋಂಗಾ ಕೂಗಿದರೆ ಉಣ್ಣುತ್ತಿದ್ದ ದಿನಗಳು ಅವು. ಐವತ್ತರ ದಶಕ ಮುಗಿದು ಅರವತ್ತು ಹಿಡಿಯುತ್ತಿತ್ತು. ದಾಂಡೇಲಿಯ ಕಾಗದದ ಗಿರಣಿ ಇನ್ನೂ ಹೊಸದು. ನಮ್ಮ ಅಪ್ಪನಂಥವರು ಧಾರವಾಡ, ಬೆಳಗಾವಿ ಕಡೆಯ ಹಳ್ಳಿಗಳಿಂದ ಬಂದು ಅದರ ಸುತ್ತ ಬಿಡಾರ ಹೂಡಿದ್ದರು. ಸಾಲು ಮನೆಗಳು, ಮೇಲೆ ಕೆಂಪು ಹೆಂಚು, ಹಿಂದೆ ಚೂರು ಹಿತ್ತಲು. ಬಿದಿರು ತುಂಬಿದ ಲಾರಿ ಹೋದರೆ ಗೂಡಿನ ಮೇಲಿನ ಪಾತ್ರೆಗಳು ಗಲಗಲ ಅನ್ನುತ್ತಿದ್ದವು. ಗಾಳಿ ನಮ್ಮ ಕಡೆ ತಿರುಗಿದ ದಿನ ಗಿರಣಿಯ ವಾಸನೆ, ಕೊಳೆತ ಕೋಸಿನಂಥದ್ದು, ಬಿಸಿ ರೊಟ್ಟಿಗೂ ಹತ್ತುತ್ತಿತ್ತು. ಆ ಸಾಲುಗಳಲ್ಲಿ ಬೆಳೆದವರು ಯಾರಾದರೂ ಇದನ್ನು ಓದಿದರೆ ಅವರ ಮೂಗಿಗೆ ಅದು ಈಗಲೂ ಬಂದೀತು.

ಮಕ್ಕಳೇ, ನೀವು ಈ ಅಜ್ಜಿಯನ್ನು ಕೇಳಿದ್ದು ಪಂಚಮಿ ಹಬ್ಬದ ಕಥೆ, ಜೋಕಾಲಿಯ ಕಥೆ. ಎದುರು ಕೂತು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತೇನೆ ಅಂದೆ. ಆದರೆ ಪಂಚಮಿ ಅಂದೊಡನೆ ನನಗೆ ಮೊದಲು ನೆನಪಾಗುವುದು ಒಂದು ಜಗಳ, ಮತ್ತು ಆ ಜಗಳಕ್ಕೆ ಕಾರಣವಾದ ಒಂದು ಬಳ್ಳಿ. ಆ ಬಳ್ಳಿ ಎಲ್ಲಿ ಕಂಡರೂ ಇಂದಿಗೂ ನನ್ನ ಮೈ ಉರಿಯುತ್ತದೆ.

ಅಪ್ಪನ ತಾಯಿಗೆ ನಮ್ಮ ಕಡೆ ಆಯಿ ಅನ್ನುತ್ತಾರೆ. ನಮ್ಮ ಆಯಿ ದಾಂಡೇಲಿಗೆ ಬಂದದ್ದು ಮನಸ್ಸಿಲ್ಲದ ಮನಸ್ಸಿನಿಂದ. ಅಜ್ಜ ತೀರಿಕೊಂಡ ಮೇಲೆ ಹೊಲ ದಾಯಾದಿಗಳ ಪಾಲಾಯಿತು. ಊರಲ್ಲಿ ಆಕೆಯದು ಎಂದು ಉಳಿದದ್ದು ಅಜ್ಜನನ್ನು ಮಣ್ಣು ಮಾಡಿದ ಜಾಗ, ಅದರ ಪಕ್ಕದಲ್ಲಿದ್ದ ಪತ್ರಿ ಗಿಡ. ಪತ್ರಿ ಅಂದರೆ ಬಿಲ್ವ. ಆ ಗಿಡದ ಬೇರಿನಿಂದ ಎದ್ದ ಒಂದು ಮರಿಯನ್ನು ಆಯಿ ತಗಡಿನ ಡಬ್ಬಿಯಲ್ಲಿ ಮಣ್ಣು ತುಂಬಿ ನೆಟ್ಟು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದಳು. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅದು ಹಿತ್ತಲಲ್ಲಿ ಅಪ್ಪನ ತಲೆಗಿಂತ ಎತ್ತರ ಬೆಳೆದಿತ್ತು.

ದಿನಾ ಬೆಳಿಗ್ಗೆ ಆಯಿ ಮಿಂದು, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿ ಹಿಡಿದು ಆ ಗಿಡದ ಪತ್ರಿ ಏರಿಸಬೇಕು. ಆಮೇಲೆಯೇ ಆಕೆಯ ಬಾಯಿಗೆ ನೀರು. ಎಲೆಯನ್ನು ಕೈಯಿಂದ ಮಾತ್ರ ಬಿಡಿಸಬೇಕು, ಗಿಡಕ್ಕೆ ಕಬ್ಬಿಣ ಸೋಕಕೂಡದು. ಒಮ್ಮೆ ಅಪ್ಪ ದಾರಿಗೆ ಅಡ್ಡ ಬಂದ ಮುಳ್ಳಿನ ಟೊಂಗೆ ತೆಗೆಯಲು ಕುಡಗೋಲು ಹಿಡಿದಿದ್ದಕ್ಕೆ ಆಯಿ ಎರಡು ಹೊತ್ತು ಉಣ್ಣಲಿಲ್ಲ.

"ಅದು ನಿಮ್ಮಪ್ಪನ ಮೈಯಾಗಿಂದು. ನೀ ಅವನ ಮಗಾ ಆಗಿ ಅದಕ್ಕ ಕುಡಗೋಲ ಹಚ್ಚತಿ?"

ಅಪ್ಪ ಕುಡಗೋಲನ್ನು ಸೂರಿಗೆ ಸಿಕ್ಕಿಸಿದ. ಆಮೇಲೆ ಆ ಗಿಡದ ಪಕ್ಕ ಹೋಗುವಾಗ ನಾವೆಲ್ಲ ತಲೆ ಬಗ್ಗಿಸಿಯೇ ಹೋಗುತ್ತಿದ್ದೆವು.

ಪಕ್ಕದ ಮನೆ ಇಂದೂಬಾಯಿಯದು. ಅವರು ಬೆಳಗಾವಿ ಕಡೆಯವರು. ಮನೆಯೊಳಗೆ ಮರಾಠಿ, ನಮ್ಮೊಡನೆ ಕನ್ನಡ. ಕಚ್ಚೆ ಸೀರೆ, ಕಾಸಿನಗಲ ಕುಂಕುಮ, ಮೂರು ಮನೆಯಾಚೆ ಕೇಳುವ ದನಿ. ಆಕೆಯ ಮಗಳು ಸುಮನ್ ನನ್ನ ತರಗತಿಯವಳು. ಎರಡು ಹಿತ್ತಲುಗಳ ನಡುವೆ ಇಂದೂಬಾಯಿ ಹಚ್ಚಿದ ಮದರಂಗಿಯ ಬೇಲಿ ಇತ್ತು. ಪಂಚಮಿ ಬಂತೆಂದರೆ ಸಾಲಿನ ಹುಡುಗಿಯರೆಲ್ಲ ಅಲ್ಲಿಂದಲೇ ಎಲೆ ಬಿಡಿಸಿ ಅರೆದು ಅಂಗೈ ಕೆಂಪು ಮಾಡಿಕೊಳ್ಳುತ್ತಿದ್ದರು. ಬೇಲಿ ಅಂದರೆ ಇಂದೂಬಾಯಿಗೆ ಬಲು ಹೆಮ್ಮೆ.

ಆಯಿಗೂ ಆಕೆಗೂ ಮೊದಲ ದಿನದಿಂದಲೂ ಆಗುತ್ತಿರಲಿಲ್ಲ. ಅವರ ಮನೆಯಲ್ಲಿ ಒಣಮೀನು ಸುಟ್ಟರೆ ಆಯಿ ಹಿತ್ತಲಲ್ಲಿ ನಿಂತು ಜೋರಾಗಿ ಊದುಬತ್ತಿ ಬೀಸುತ್ತಿದ್ದಳು. ಆಯಿ ಊದುಬತ್ತಿ ಬೀಸಿದರೆ ಇಂದೂಬಾಯಿ ಮರುದಿನವೂ ಮೀನು ಸುಡುತ್ತಿದ್ದಳು.

ಆ ವರ್ಷ ಮಿರಗದ, ಅಂದರೆ ಮೃಗಶಿರಾ ಮಳೆ ಹಿಡಿದ ಮೇಲೆ ಬೇಲಿಯ ಮೇಲೆ ಹಳದಿ ಎಳೆಗಳು ಕಂಡವು. ಎಲೆಯಿಲ್ಲ, ಹೂವಿಲ್ಲ. ಮುಟ್ಟಿದರೆ ತಣ್ಣಗೆ, ಜಿಗುಟು ಜಿಗುಟು. ಬೇಯಿಸಿದ ಶಾವಿಗೆಯನ್ನು ಯಾರೋ ಗಿಡದ ಮೇಲೆ ಸುರಿದು ಹೋದಂತೆ.

"ಏನ ಇಂದೂ, ಬೇಲಿಗೆ ಶಾವಿಗಿ ಒಣ ಹಾಕೀಯೇನು?" ಎಂದು ಆಯಿ ಕೇಳಿದಳು.

"ಅಗಬಾಯ್! ಶಾವಿಗಿ ಅಲ್ಲ ಆಯಿ, ಅಮರವೇಲ. ಎಣ್ಣಿಯೊಳಗ ಕುದಿಸಿ ಹಚ್ಚಿದ್ರ ಕೂದಲಾ ಮಣಕಾಲಿಗೆ ಬರ್ತಾವು. ತಾನ ಬಂದೈತಿ, ಇರಲಿ ಬಿಡ್ರಿ."

"ನಿನ್ನ ಕೂದಲಾ ಮಣಕಾಲಿಗೆ ಬರಲಿ, ನಿನ್ನ ಬಳ್ಳಿ ನನ್ನ ಹಿತ್ತಲಕ್ಕ ಬರೂದು ಬ್ಯಾಡ."

"ನಿಮ್ಮ ಗಿಡದ ಮುಳ್ಳು ನಮ್ಮ ಹಿತ್ತಲದಾಗ ಬೀಳ್ತಾವು. ನಾ ಎಂದರ ಅಂದೇನೇನ್ರಿ?"

ಬಳ್ಳಿ ಯಾರ ಮಾತನ್ನೂ ಕೇಳಲಿಲ್ಲ. ಆಷಾಢದ ಹೊತ್ತಿಗೆ ಬೇಲಿಯ ಅರ್ಧ ಹಳದಿಯಾಗಿತ್ತು. ಒಂದು ದಿನ ಆಯಿ ಪತ್ರಿ ಬಿಡಿಸಲು ಹೋದವಳು ಕೈ ಚಾಚಿದಂತೆಯೇ ನಿಂತುಬಿಟ್ಟಳು. ಬೇಲಿಯಿಂದ ಒಂದು ಎಳೆ ಗಾಳಿಯಲ್ಲಿ ತೂರಿ ಬಂದು ಪತ್ರಿಯ ಕೆಳಗಿನ ಟೊಂಗೆಗೆ ಸುತ್ತಿಕೊಂಡಿತ್ತು.

ಅಲ್ಲಿಂದ ಯುದ್ಧ ಶುರುವಾಯಿತು. ಆಯಿ ಆ ಎಳೆಯನ್ನು ಬಿಡಿಸಿದಳು, ತುಂಡು ತುಂಡಾಗಿ ಬಂತು. ತುಂಡುಗಳನ್ನು ಗೋಲಿ ಮಾಡಿ ಬೇಲಿಯಾಚೆ ಎಸೆದಳು. "ನಿನ್ನ ಮಾಲು ನೀ ಇಟಗೊ!" ಮಧ್ಯಾಹ್ನ ಇಂದೂಬಾಯಿ ಅದನ್ನೇ ಕೋಲಿನಿಂದ ಎತ್ತಿ ಈಚೆ ಎಸೆದಳು. "ನಮ್ಮ ಅಂಗಳಾ ಕಸದ ತಿಪ್ಪಿ ಅಲ್ಲ!" ಮರುದಿನ ಆಯಿ, ಅದರ ಮರುದಿನ ಇಂದೂಬಾಯಿ. ಅಪ್ಪ ಪಾಳಿ ಮುಗಿಸಿ ಬಂದು ಮಲಗಲು ಹೋದರೆ ಹಿತ್ತಲಲ್ಲಿ ಇವರ ಕೂಗು. "ಗಿರಣಿಯೊಳಗ ಇದಕ್ಕಿಂತ ಶಾಂತಿ ಐತಿ" ಎಂದು ಅಪ್ಪ ಕಿವಿಗೆ ಟಾವೆಲ್ ಸುತ್ತಿಕೊಳ್ಳುತ್ತಿದ್ದ.

ದೊಡ್ಡವರು ಬೈದಾಡುವ ಹೊತ್ತಿನಲ್ಲಿ ಸುಮನ್ ಮತ್ತು ನಾನು ಬೇಲಿಯ ಬುಡದಲ್ಲಿ ಕೂತು ಗಜಗ ಆಡುತ್ತಿದ್ದೆವು. ಒಮ್ಮೆ ಅವಳು ಒಂದು ಮದರಂಗಿ ಕಡ್ಡಿ ತೋರಿಸಿದಳು. ಎಸೆದ ತುಂಡೊಂದು ಅದರ ಮೇಲೆ ಬಿದ್ದಿತ್ತು. ಸತ್ತಿರಲಿಲ್ಲ. ಕಡ್ಡಿಗೆ ಸುತ್ತಿಕೊಂಡು, ಸಣ್ಣ ಸಣ್ಣ ಹಲ್ಲಿನಂಥ ಗಂಟುಗಳನ್ನು ಒಳಗೆ ಊರಿತ್ತು.

"ಕಚ್ಚೇತಿ ನೋಡ" ಎಂದಳು ಸುಮನ್. "ಒಗದಲ್ಲೆಲ್ಲಾ ಕಚ್ಚತೈತಿ."

ಇಬ್ಬರೂ ನಮ್ಮ ನಮ್ಮ ಮನೆಯಲ್ಲಿ ಹೇಳಿದೆವು. "ಆ ಹುಡುಗಿ ಕೂಡ ಕೂತು ಬಂದು ನನಗ ಬುದ್ಧಿ ಹೇಳತಿ?" ಎಂದು ಆಯಿ ನನ್ನ ಕಿವಿ ಹಿಂಡಿದಳು. ಸುಮನ್‌ಗೆ ಬೆನ್ನ ಮೇಲೆ ಬಿತ್ತು. ನನಗೆ ಮೊದಲೇ ಮಾತು ಕಡಿಮೆ, ಆಮೇಲೆ ನಾನು ಬಾಯಿ ತೆರೆಯಲಿಲ್ಲ.

ಈ ಬಳ್ಳಿಯ ಗುಣ ನನಗೆ ಪೂರ್ತಿ ತಿಳಿದದ್ದು ಬಹಳ ವರ್ಷಗಳ ಮೇಲೆ. ನಿಮಗೆ ಈಗಲೇ ಹೇಳಿಬಿಡುತ್ತೇನೆ, ಎಲ್ಲಾದರೂ ಕಂಡರೆ ಗುರುತಿರಲಿ. ಬೀಜದಿಂದ ಎದ್ದಾಗ ಇದು ಕೂದಲೆಳೆಯಷ್ಟು ಸಣ್ಣದು. ಆಗ ಮಾತ್ರ ಅದಕ್ಕೆ ಬೇರು. ಯಾವುದಾದರೂ ಗಿಡ ಕೈಗೆ ಸಿಕ್ಕಿತೋ, ಅದನ್ನು ಕಚ್ಚಿಕೊಂಡು ತನ್ನ ಬೇರನ್ನು ತಾನೇ ಒಣಗಿಸಿಬಿಡುತ್ತದೆ. ಅನ್ನ ನೀರು ಎಲ್ಲ ಆ ಗಿಡದ್ದೇ. ಹರಿದು ಎಸೆದರೆ ಪ್ರತಿ ತುಂಡೂ ಹೊಸ ಬಳ್ಳಿ. ಅದು ಕಚ್ಚಿದ ಟೊಂಗೆಯನ್ನೇ ಕಡಿಯಬೇಕು, ಬೀಜ ಕಟ್ಟುವ ಮೊದಲೇ ಸುಡಬೇಕು. ಬೇರೆ ದಾರಿಯಿಲ್ಲ.

ಆದರೆ ಆಯಿ ಎರೆಹೊಲದ ನಾಡಿನ ಒಕ್ಕಲಗಿತ್ತಿ. ಹೊಲದ ಕಳೆಕಸ ಅಂದರೆ ಬೇರು, ಬೇರು ಕಿತ್ತರೆ ಕಸ ಸತ್ತಂತೆ. ಆಕೆ ಹುಟ್ಟಿದಂದಿನಿಂದ ನಂಬಿದ್ದು ಅದನ್ನೇ. ನಮ್ಮ ಹಿತ್ತಲಲ್ಲಿ ಇಂಚಿಂಚೂ ಹುಡುಕಿದಳು. ಬಳ್ಳಿಗೆ ಬೇರೇ ಸಿಗಲಿಲ್ಲ. ಹಾಗಾದರೆ ಬೇರು ಆಚೆ ಇರಬೇಕು.

"ಬೇರ ಆಕಿ ಬಗಲಾಗ ಐತಿ. ಬೇಕಂತ ಬೆಳಸಾಕತ್ತಾಳ. ನನ್ನ ಗಿಡಾ ಕೊಲ್ಲಾಕ."

ಶ್ರಾವಣ ಹತ್ತಿರ ಬಂದಂತೆ ಗಿಡದ ಬಣ್ಣ ಇಳಿಯಿತು. ಎಲೆಗಳು ಸಣ್ಣವಾದವು, ಮುಟ್ಟಿದರೆ ಉದುರಿದವು. ನೆತ್ತಿಯವರೆಗೆ ಹಳದಿ ಗೋಜಲು. ಒಂದು ಬೆಳಿಗ್ಗೆ ಆಯಿ ಎಷ್ಟು ಹೊತ್ತು ಹುಡುಕಿದರೂ ಮೂರೂ ಎಲೆ ನೆಟ್ಟಗಿರುವ ಒಂದು ಪತ್ರಿ ಸಿಗಲಿಲ್ಲ. ಆ ದಿನ ಆಕೆ ನೀರೂ ಕುಡಿಯಲಿಲ್ಲ.

ಅಪ್ಪ ಕಾಳಿ ನದಿಯ ಕಡೆಗೆ ಸೈಕಲ್ ತುಳಿದು, ಮೌಳಂಗಿ ಹತ್ತಿರದ ಕಾಡಿನಿಂದ ಚೀಲ ತುಂಬ ಪತ್ರಿ ತಂದ. "ಪತ್ರಿ ಎಲ್ಲಿದಾದ್ರೇನಬೇ? ಅಡವಿ ತುಂಬ ಐತಿ" ಎಂದ.

"ಅಡವಿ ತುಂಬ ಗಂಡಸರೂ ಅದಾರ" ಎಂದಳು ಆಯಿ. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು.

"ಹಂಗಾದ್ರ ಬಳ್ಳಿ ಹಿಡದ ಟೊಂಗಿ ಕಡೀಲೇನು?" ಅಪ್ಪ ಹೆದರುತ್ತಲೇ ಕೇಳಿದ.

"ನೀ ಕಡದ್ರ ಮಗಾ ಕಡದಂಗ."

"ಆಳಿಗೆ ಹೇಳ್ತೇನಿ."

"ಹೇಳಿ ಕಡಸಿದ್ರ ನಾನ ಕಡದಂಗ."

ಗಿಡ ಕಣ್ಣೆದುರೇ ಸಾಯುತ್ತಿತ್ತು, ಅದನ್ನು ಮುಟ್ಟುವ ಕೈ ಮನೆಯಲ್ಲಿ ಒಂದೂ ಇರಲಿಲ್ಲ.

ಪಂಚಮಿಗೆ ಇನ್ನೂ ನಾಲ್ಕು ದಿನ ಇತ್ತು, ಅವ್ವ ಶೇಂಗಾ ಹುರಿಯುತ್ತಿದ್ದಳು. ಎಳ್ಳು, ಬೆಲ್ಲ, ಜೋಳದ ಅರಳು ಬೀಸಿದ ಅಳ್ಳಿಟ್ಟಿನ ಘಮ ಮನೆಯಲ್ಲಿ ತುಂಬಿತ್ತು. ಇಂದೂಬಾಯಿ ಪೇಟೆಗೆ ಹೋದದ್ದನ್ನು ನೋಡಿಕೊಂಡು ಆಯಿ ಕಳೆ ತೆಗೆಯುವ ಕುರ್ಪಿ ತೆಗೆದುಕೊಂಡು ಹಿತ್ತಲಿಗೆ ಹೋದಳು. ಬೇಲಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಆ ತುದಿಯಿಂದ ಈ ತುದಿಯವರೆಗೆ ಅಗೆದಳು. ಬಳ್ಳಿಯ ಬೇರೆಂದು ಸಿಕ್ಕ ಸಿಕ್ಕ ಬೇರನ್ನೆಲ್ಲ ಕೊಯ್ದಳು. ಪತ್ರಿಗೆ ಸೋಕಬಾರದ ಕಬ್ಬಿಣ ಮದರಂಗಿಯ ಬುಡದಲ್ಲಿ ಕರಕರ ಆಡಿತು. ಸಂಜೆಗೆ ಸೊಂಟ ಹಿಡಿದುಕೊಂಡು ಎದ್ದು, "ಇನ್ನ ಸಾಯತೈತಿ" ಎಂದಳು.

ಸತ್ತದ್ದು ಬೇಲಿ. ಒಂದೆರಡು ದಿನದಲ್ಲೇ ಮದರಂಗಿಯ ಎಲೆ ಮುದುಡಿ ಜೋತುಬಿದ್ದವು. ಹಳದಿ ಬಳ್ಳಿ ಮಾತ್ರ ಪತ್ರಿಯ ಮೇಲೆ ಹಸಿಹಸಿಯಾಗಿಯೇ ಇತ್ತು. ಎಲೆ ಬಿಡಿಸಲು ತಟ್ಟೆ ಹಿಡಿದು ಬಂದ ಹುಡುಗಿಯರು ಬರಿಗೈಯಲ್ಲಿ ನಿಂತರು. ಇಂದೂಬಾಯಿ ಬಂದು ಬೇಲಿಯ ಬುಡದ ಮಣ್ಣನ್ನು ಕಾಲಿನಿಂದ ಸರಿಸಿ ನೋಡಿದಳು. ಕೊಯ್ದ ಬೇರುಗಳು ಬೆಳ್ಳಗೆ ಕಂಡವು.

"ಯಾರ ಮಾಡಿದ್ರಿ?"

ಆಯಿ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. "ನಾನ. ನಿನ್ನ ಬಳ್ಳಿ ಬೇರ ಹುಡಕಿದ್ಯಾ."

"ಸಿಕ್ತೇನು?"

"ಇಲ್ಲ. ಎಲ್ಲಿ ಮುಚ್ಚಿಟ್ಟಿ ಹೇಳು."

ಇಂದೂಬಾಯಿಯ ಮುಖ ನನಗೆ ಈಗಲೂ ಕಾಣುತ್ತದೆ. ಒಳಗೆ ಹೋಗಿ ತೆಂಗಿನಕಾಯಿ ಕಡಿಯುವ ಕೊಯ್ತಾ ತಂದಳು. ಸತ್ತ ಬೇಲಿಯನ್ನು ಮುರಿದುಕೊಂಡು ನಮ್ಮ ಹಿತ್ತಲಿಗೆ ನುಗ್ಗಿದಳು.

"ನನ್ನ ಬೇಲಿ ಹೋತು. ನಿನ್ನ ಗಿಡಾನೂ ಹೋಗಲಿ, ಮುದಕಿ. ಬರೋಬ್ಬರಿ ಆಗಲಿ!"

ಆಯಿ ಏಳುವಷ್ಟರಲ್ಲಿ ಮೊದಲ ಏಟು ಬಿದ್ದಿತ್ತು. ಆಯಿ ಹೋಗಿ ಆಕೆಯ ಸೆರಗು ಹಿಡಿದು ಜಗ್ಗಿದಳು, ಕೈ ಪರಚಿದಳು, ಬಾಯಿಗೆ ಬಂದಂತೆ ಬೈದಳು. "ನಿನ್ನ ಕೈಗೆ ಹುಳಾ ಬೀಳಲಿ! ನಿನ್ನ ಒಲಿ ಆರಲಿ!" ಇಂದೂಬಾಯಿ ಒಂದು ಕೈಯಿಂದ ಆಯಿಯನ್ನು ದೂರ ತಳ್ಳುತ್ತ ಇನ್ನೊಂದು ಕೈಯಿಂದ ಕಡಿಯುತ್ತಲೇ ಇದ್ದಳು. ಅವ್ವ ಓಡಿ ಬಂದು ಆಯಿಯನ್ನು ತಬ್ಬಿ ಹಿಡಿದಳು. ಸಾಲಿನವರೆಲ್ಲ ಬಂದು ನಿಂತರು, ಕೊಯ್ತಾದ ಎದುರು ಯಾರು ಹೋಗುತ್ತಾರೆ? ಬೇಲಿಯಾಚೆ ಸುಮನ್ ಅಳುತ್ತಿದ್ದಳು, ಈಚೆ ನಾನು. ಕೊನೆಗೆ ಮೊಣಕಾಲೆತ್ತರದ ಒಂದು ಮೋಟು ಉಳಿಯಿತು. ಇಂದೂಬಾಯಿ ಅದರ ಮೇಲೆ ಉಗುಳಿ, ತನ್ನ ಹಿತ್ತಲಿಗೆ ಹೋದಳು.

ಪಂಚಮಿಯ ದಿನ ನಮ್ಮ ಮನೆಯಲ್ಲಿ ಯಾರೂ ಉಂಡಿ ಮುಟ್ಟಲಿಲ್ಲ. ಆಯಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಹಿತ್ತಲಲ್ಲಿ ಟೊಂಗೆಗಳ ರಾಶಿ, ಅದರ ಮೇಲೆ ಇನ್ನೂ ಬದುಕಿದ್ದ ಹಳದಿ ಬಳ್ಳಿ. ಪತ್ರಿಯ ಕಟ್ಟಿಗೆ ಒಲೆಗೆ ಹಾಕಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಅವ್ವ ಬಾಗಿಲಲ್ಲಿ ನಿಂತು, "ಅತ್ತಿ, ಅದನ್ನೇನ ಮಾಡ್ಲಿ?" ಎಂದು ಕೇಳಿದಳು. ಆಯಿ ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಂಡಳು. ಆಗ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ರಾಶಿಯನ್ನು ಚೂರೂ ಬಿಡದೆ ಒಟ್ಟಿ, ಸೀಮೆಎಣ್ಣೆ ಸುರಿದು ಸುಟ್ಟಳು. ಹಸಿ ಬಳ್ಳಿ ಚುಯ್ ಅಂದಿತು. ಪತ್ರಿಯ ಎಲೆಯ ಕಂಪೂ ಬಳ್ಳಿಯ ಕಹಿಯೂ ಕೂಡಿದ ಹೊಗೆ ಇಂದೂಬಾಯಿಯ ಮನೆಯೊಳಗೆ ಹೋಯಿತು. ಕೆಮ್ಮಿದ ಸದ್ದು ಕೇಳಿಸಿತು. ಅವ್ವ ಮುಖ ತಿರುಗಿಸಲಿಲ್ಲ.

ಆಯಿ ಆಮೇಲೆ ಬರೀ ವಿಭೂತಿಯಿಂದ ಪೂಜೆ ಮಾಡಿದಳು. ದಿನಕ್ಕೊಂದು ರೊಟ್ಟಿ, ಅದೂ ಅವ್ವ ಕಣ್ಣೀರು ಹಾಕಿದರೆ. ಆಕೆ ಈ ಮಳೆಗಾಲ ದಾಟುವುದಿಲ್ಲ ಎಂದು ಅಪ್ಪ ಅವ್ವನೊಡನೆ ಅಂದದ್ದನ್ನು ನಾನು ಕೇಳಿಸಿಕೊಂಡೆ.

ಗಣಪತಿ ಹಬ್ಬ ಕಳೆದ ಮೇಲೆ ಒಂದು ದಿನ ಆಯಿ ಹಿತ್ತಲಿಂದ ನನ್ನನ್ನು ಕರೆದಳು. ಮೋಟಿನ ಮುಂದೆ ಕೂತಿದ್ದಳು. ಅದರ ಬಗಲಲ್ಲಿ ಕೆಂಪಗೆ, ಮೂರೆಲೆಯ ಒಂದು ಚಿಗುರು.

"ನಿನ್ನ ಕಣ್ಣ ಚುರುಕ ಅದಾವು, ನೋಡು. ಹಳದಿ ಐತೇನು ಎಲ್ಲೆರ?"

ನಾನು ಸುತ್ತಲೂ ನೋಡಿದೆ. ಎಲ್ಲೂ ಇರಲಿಲ್ಲ.

ವರ್ಷ ತುಂಬುವಷ್ಟರಲ್ಲಿ ಗಿಡ ಮೊದಲಿಗಿಂತ ದಟ್ಟವಾಯಿತು. ಅಪ್ಪ ಒಮ್ಮೆ ನಗುತ್ತ, "ಆಕಿ ಸಿಟ್ಟಿಲೆ ಕಡದಿದ್ದಕ್ಕ ಉಳೀತು ನೋಡಬೇ" ಎಂದ. ಆಯಿ ಉಣ್ಣುತ್ತಿದ್ದ ತಾಟು ಸರಿಸಿದಳು. "ಆಕಿ ಕೊಲ್ಲಾಕ ಕಡದ್ಲು. ಉಳಿಸಿದ್ದು ನಿಮ್ಮಪ್ಪ."

ಮುಂದಿನ ಮಿರಗಕ್ಕೆ ನೆಲದಲ್ಲಿ ಉಳಿದ ಬೀಜಗಳು ಎದ್ದವು. ಮಳೆ ನಿಂತೊಡನೆ ಆಯಿ ಈ ಕಡೆ, ಇಂದೂಬಾಯಿ ಆ ಕಡೆ. ಇಂದೂಬಾಯಿ ಹೊಸದಾಗಿ ಮದರಂಗಿ ಹಚ್ಚಿದ್ದಳು, ಆಕೆಗೂ ಈಗ ಬಳ್ಳಿಯ ಭಯ. ಇಬ್ಬರೂ ಕೂತು ಕೂದಲೆಳೆಯಂಥ ಮೊಳಕೆಗಳನ್ನು ಆರಿಸುವರು. ತಮ್ಮ ಕಡೆಗಿಂತ ಹೆಚ್ಚಾಗಿ ಎದುರಿನವಳ ಕಡೆಯೇ ಕಣ್ಣು.

"ನಿನ್ನ ಬಗಲಾಗ ಎದ್ದೈತಿ. ಕಣ್ಣ ಕಾಣಸಂಗಿಲ್ಲೇನು?"

"ನಿಮ್ಮ ಕಾಲ ಬುಡಕ ಐತಿ, ಮೊದಲ ಅದನ್ನ ಕೀಳ್ರಿ!"

ಹೀಗೆ ವರ್ಷ ವರ್ಷವೂ. ಒಂದು ಎಳೆಯೂ ಬೆರಳುದ್ದ ಬೆಳೆಯಲಿಲ್ಲ. ಸುಮನ್ ಮತ್ತು ನಾನು ಶಾಲೆಯಲ್ಲಿ ಪಕ್ಕ ಪಕ್ಕ ಕೂತರೂ ಮನೆಗೆ ಬರುವಾಗ ರಸ್ತೆಯ ಎರಡು ಬದಿ ಹಿಡಿಯುತ್ತಿದ್ದೆವು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ ಇಂದೂಬಾಯಿಯ ಗಂಡನಿಗೆ ಕ್ಯಾಸಲ್‌ರಾಕ್‌ನಲ್ಲಿ ರೈಲ್ವೆ ಕೆಲಸ ಸಿಕ್ಕಿತು. ಸಾಮಾನು ಲಾರಿಗೆ ಏರುತ್ತಿದ್ದಾಗ ಇಂದೂಬಾಯಿ ನಮ್ಮ ಅಂಗಳಕ್ಕೆ ಬಂದು ಅವ್ವನಿಗೆ, ಒಳಗೆ ಕೇಳಲೆಂದು ಜೋರಾಗಿ, "ಮುದಕಿ ಸತ್ತರ ಹೇಳಿ ಕಳಸ್ರಿ" ಎಂದಳು.

"ನಿನ್ನ ಸುಟ್ಟ ಮ್ಯಾಲೆ ನಾ ಸಾಯತೀನಿ, ಹೋಗ!" ಎಂದು ಒಳಗಿನಿಂದ ಆಯಿ ಕೂಗಿದಳು.

ಆ ಮನೆಗೆ ಮುಂಡಗೋಡ ಕಡೆಯ ಒಂದು ಸಂಸಾರ ಬಂತು. ನಮ್ಮವರೇ, ಬಹಳ ಮೆತ್ತಗಿನ ಜನ. ಬೇಲಿಯಲ್ಲಿ ಹಳದಿ ಎಳೆ ಕಂಡು ಆಯಿ ಕೂಗಾಡಿದರೆ, "ಹೂಂನ್ರಿ ಆಯಿ, ತಗಸ್ತೇವ್ರಿ. ಬರ್ರಿ, ಚಾ ಕುಡೀರಿ" ಅನ್ನುವರು. ತೆಗೆಯುತ್ತಿರಲಿಲ್ಲ. ಆಯಿಯ ಮೊಣಕಾಲು ಆಗ ಬಗ್ಗುತ್ತಿರಲಿಲ್ಲ. ನಾನೂ ಅವ್ವನೂ ನಮ್ಮ ಕಡೆ ಆರಿಸಿದೆವು, ಆದರೆ ಬಳ್ಳಿ ಬಂದದ್ದು ಆ ಕಡೆಯಿಂದ, ಮೇಲಿನಿಂದ. ಎರಡು ಮಳೆಗಾಲದಲ್ಲಿ ಅದು ಪತ್ರಿಯ ನೆತ್ತಿ ಮುಟ್ಟಿತು.

"ಕಡೀಲೇನಬೇ?" ಎಂದು ಅಪ್ಪ ಮತ್ತೆ ಕೇಳಿದ. ಆಯಿ ಮತ್ತೆ ಬೇಡ ಎಂದಳು. ಕುಡಗೋಲು ಸೂರಿನಲ್ಲೇ ಉಳಿಯಿತು. ಪಕ್ಕದ ಮನೆಯವರೂ ಬಂದು, "ನಿಮ್ಮ ಮನಸಿಗೆ ನೋವಾಗೂದು ಬ್ಯಾಡ್ರಿ" ಎಂದು ಕೈಮುಗಿದು ಹೋದರು. ಕಡೆಯ ಎಲೆ ಉದುರಿದ ದಿನ ಆಯಿ ಆ ಒಣ ಗಿಡದ ಕೆಳಗೆ ಕೂತು ಬಹಳ ಹೊತ್ತು ಆಚೆಯ ಹಿತ್ತಲನ್ನೇ ನೋಡುತ್ತಿದ್ದಳು. ಆಮೇಲೆ ನನಗೆ ಹೇಳಿದಳು:

"ಆಕಿ ಇದ್ದಿದ್ರ ಕಡೀತಿದ್ಲು."

ಮಕ್ಕಳೇ, ಆ ಸಾಲು ಮನೆ, ಆ ಪಂಚಮಿಯ ಅಳ್ಳಿಟ್ಟು, ಸುಮನ್, ಎಲ್ಲ ಹೋದವು. ಹೋಗುವಂಥವೇ. ನಾನು ಯಾರೊಡನೆಯೂ ಜಗಳವಾಡದೆ ಬಾಳಿದವಳು. ನಿಮ್ಮ ಅಜ್ಜ ಹೋದ ಮೇಲಂತೂ ಎಲ್ಲರೂ ನನ್ನೊಡನೆ ಬಹಳ ಮೆತ್ತಗೆ ಮಾತಾಡುತ್ತಾರೆ. ಉಣ್ಣು ಅನ್ನುತ್ತಾರೆ, ಹೊರಗೆ ಬಾ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ನನ್ನ ಮನಸ್ಸಿಗೆ ನೋವಾಗಬಾರದೆಂದು ಅವರೂ ಸುಮ್ಮನೆ ಹೋಗುತ್ತಾರೆ.